ಬದುಕಿದವು ಅಂದುಕೊಂಡ ದಿನ

ಮಾರ್ಚ್ 4
ಮೀಡಿಯಂ ಬದಲಾಯಿಸಿದೆ, ಕೋಶಗಳು ಉಣ್ಣುವ ಕೆಂಪು ದ್ರವ. ಮೇಕೆಯ ಕಿಡ್ನಿಯಿಂದ ತೆಗೆದ ನನ್ನ ಜೀವಕೋಶಗಳು ಫ್ಲಾಸ್ಕ್ ತುಂಬಿ ಕೂತಿವೆ. ಹೋದ ವರ್ಷ ಮುದಿಯಾಗಿ ಸಾಯುತ್ತಿದ್ದವು. ಒಂದು ಫ್ಲಾಸ್ಕಿನಲ್ಲಿ ಚೇತರಿಸಿಕೊಂಡ ಮೇಲೆ ಬೆಳೆಯುವುದು ನಿಂತೇ ಇಲ್ಲ. ಸಾವಿಲ್ಲದ ಸೆಲ್ ಲೈನ್ — ನನ್ನ ಥೀಸಿಸ್ ಅಂದರೆ ಇಷ್ಟೇ. ಕ್ರೋಮೋಸೋಮ್ ಪರೀಕ್ಷೆಯೊಂದು ಬಾಕಿ. ಮೇಕೆಯದು ಮೇಕೆಯದೇ ಎಂದು ಬರೆದುಕೊಡುವ ಶಾಸ್ತ್ರ.

ಅಮ್ಮನ ಫೋನ್. "ನಿನ್ನ ಮೇಕೆಗಳು ಉಂಡ್ವಾ? ನೀನು?" ನನ್ನ ಸರದಿ ಯಾವಾಗಲೂ ಎರಡನೆಯದು.

ಮಾರ್ಚ್ 9
ಸ್ಲೈಡ್ ನೋಡಿದೆ. ಮೇಕೆಯ ಕ್ರೋಮೋಸೋಮ್ ಅಂದರೆ ಒಂದು ತುದಿಯಲ್ಲಿ ಅಂಟಿಕೊಂಡ ಜೋಡಿ ಕಡ್ಡಿ. ಇಲ್ಲಿ ನಡುವೆ ಅಂಟಿದವು, ಎಕ್ಸ್ ಅಕ್ಷರದಂಥವು, ಬೇಕಾದಷ್ಟು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಕನ್ನಡಕದ ತಪ್ಪಲ್ಲ.

ಮಾರ್ಚ್ 13, ಮಧ್ಯಾಹ್ನ
ಡಿಎನ್‌ಎ ವರದಿ ಬಂತು. ಕೋತಿ.

ಪಕ್ಕದ ಟೇಬಲಿನಲ್ಲಿ ಕೋತಿಯ ಕಿಡ್ನಿ ಕೋಶ ಬೆಳೆಸುವ ಅಕ್ಕ ನನಗಿಂತ ಮೊದಲು ಅತ್ತಳು. "ನಿಂದು ಖಾಲಿಯಾದಾಗೆಲ್ಲ ನನ್ನ ಮೀಡಿಯಂ ಬಾಟಲಿಂದಾನೇ ತಗೋತಿದ್ಯಲ್ಲೇ... ಒಂದು ಕೋಶ ದಾಟಿದ್ರೆ ಸಾಕು. ಕಾಗೆ ಗೂಡಲ್ಲಿ ಕೋಗಿಲೆ ಮರಿ."

ಗೈಡ್ ಸರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಫ್ರೀಜ್ ಮಾಡಿಟ್ಟ ಹಳೇ ಕೋಶದ ವಯಲ್ ಶೀಶೆ ಎಲ್ಲ ತೆಗಿ. ಒಂದರಲ್ಲಾದ್ರೂ ಮೇಕೆ ಉಳಿದು ಬೆಳೆದ್ರೆ ಥೀಸಿಸ್ ಉಳಿಯತ್ತೆ."

ಮಾರ್ಚ್ 26
ಒಂದೊಂದೇ ವಯಲ್ ಪರೀಕ್ಷೆ ಮಾಡಿಸುತ್ತ ಹಿಂದಕ್ಕೆ ಹಿಂದಕ್ಕೆ ಹೋದೆ. ಕೋತಿ. ಕೋತಿ. ಚೇತರಿಸಿಕೊಂಡ ವಾರದ್ದೂ ಕೋತಿ. ಅದರ ಹಿಂದಿನ ಒಂದು ವಯಲ್ ಮಾತ್ರ ಮೇಕೆ.

ಅಂದರೆ... ಅವು ಚೇತರಿಸಿಕೊಳ್ಳಲೇ ಇಲ್ಲ. ನನ್ನವು ಆಗಲೇ ಸತ್ತಿದ್ದವು. ಅವತ್ತು ನಾನು ಲ್ಯಾಬಿಗೆಲ್ಲ ಸಿಹಿ ಹಂಚಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು.

ಏಪ್ರಿಲ್ 2
ಆ ಒಂದು ವಯಲಿನದನ್ನು ಫ್ಲಾಸ್ಕಿಗೆ ಹಾಕಿದ್ದೆ. ಅಂಟಿಕೊಂಡಿವೆ. ಅಗಲವಾಗಿ, ಸುಸ್ತಾಗಿ ಬಿದ್ದುಕೊಂಡಿವೆ. ಒಂದೂ ಎರಡಾಗಿಲ್ಲ. ಅಮ್ಮನ ಫೋನ್ ಎತ್ತಲಿಲ್ಲ.

ಏಪ್ರಿಲ್ 11
ಮೇಕೆಯವು ಸತ್ತು ತೇಲುತ್ತಿವೆ. ಎಲ್ಲವೂ. ಇಷ್ಟು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದೆ. ಅಳುವುದಕ್ಕೂ ಬೇಜಾರು.

ಸರ್ ಹೇಳಿದ್ದು ಇಷ್ಟೇ: "ಕೋತೀದೆಲ್ಲ ಬ್ಲೀಚ್ ಹಾಕಿ ಬಿಸಾಕು. ಥೀಸಿಸ್ ವಿಷಯ ಆಮೇಲೆ ಮಾತಾಡೋಣ." ಆಮೇಲೆ ಅಂದರೆ ಇಲ್ಲ ಅಂತ. ಅಷ್ಟು ನನಗೂ ಗೊತ್ತು.

ಬ್ಲೀಚ್ ಹಿಡಿದು ನಿಂತೆ. ಫ್ಲಾಸ್ಕುಗಳಲ್ಲಿ ಮೀಡಿಯಂ ಹಳದಿಗೆ ತಿರುಗಿತ್ತು — ಹಸಿದಿದ್ದವು. ತಾವು ಯಾರೆಂದು ಇವಕ್ಕೇನು ಗೊತ್ತು. ಸಾಕಿದವಳು ನಾನೇ. ಬ್ಲೀಚ್ ಕೆಳಗಿಟ್ಟೆ. ಹೊಸ ಮೀಡಿಯಂ ಹಾಕಿದೆ, ಒಂದೊಂದಕ್ಕೂ. ತಿರುಗಿದರೆ ಬಾಗಿಲಲ್ಲಿ ಸರ್.

"ಏನ್ ಮಾಡ್ತಿದೀಯ?" ಅಂದರು.

ನಾನು ಕೊನೆಯ ಫ್ಲಾಸ್ಕಿನ ಮುಚ್ಚಳ ತಿರುಗಿಸಿದೆ. "ಊಟ ಹಾಕ್ತಿದೀನಿ ಸರ್."