ಎಡಗೈ ರೂಢಿ

ಹುಕ್ಕೇರಿ
೨೦ ಜನವರಿ ೨೦೨೫

ಅಕ್ಕಾ,

ಶರಣು ಅಂತ ಬರೀಲೋ, ಸಲಾಮು ಅಂತ ಬರೀಲೋ ಅಂತ ವಿಚಾರ ಮಾಡೂದ್ರಾಗ ಹದಿನೈದು ದಿನ ಹೋದವು. ಸಿಟ್ಟಾಗಬ್ಯಾಡ. ಕಡೀಕ ಬರೇ ‘ಅಕ್ಕಾ’ ಅಂತ ಸುರು ಮಾಡೇನಿ.

ಕೇಳೂದನ್ನ ಮೊದಲ ಕೇಳಿಬಿಡ್ತೀನಿ. ನಿನ್ನ ಬಸರಿ ಮಗಳು ಶಿವಾನಿ ಕುಬಸ ಬರೂ ತಿಂಗಳ ಅಂತಲ್ಲ, ನಾ ಬರ್ಲೇನು? ಉಡಿ ತುಂಬಾಕ ಮುಂದ ಬರೂದಿಲ್ಲ. ಹಿಂದ ಕುಂತು ನೋಡಿ, ಉಂಡು ಬರ್ತೀನಿ.

ನಾ ಕಲ್ಮಾ ಓದಿ ಎಂಟು ತಿಂಗಳಾತು. ಯಾರ ಒತ್ತಾಯನೂ ಇಲ್ಲ. ಬಾಜೂಮನಿ ದಾವಲಬಿ ನಮಾಜು ಮಾಡೂದನ್ನ ವರ್ಷಗಟ್ಟಲೆ ನೋಡಿ ನೋಡಿ, ನನಗೂ ಹಂಗ ನೆಲಕ್ಕ ಹಣಿ ಹಚ್ಚಬೇಕು ಅನಿಸ್ತು, ಅಷ್ಟ. ನಸುಕಿನ ನಮಾಜು ನನಗ ತ್ರಾಸಿಲ್ಲ. ಅವ್ವ ನಮ್ಮಿಬ್ಬರನ್ನೂ ಆ ಹೊತ್ತಿಗೇ ಎಬ್ಬಿಸಿ ಲಿಂಗಪೂಜಿಗೆ ಕೂಡಸ್ತಿದ್ಲಲ್ಲ, ಅದ ರೂಢಿ. ಸಂಜೀಮುಂದಿಂದ ತಪ್ಪತೈತಿ, ಎಮ್ಮಿ ಹಿಂಡೂ ಹೊತ್ತದು. ದಾವಲಬೀನ ಕೇಳಿದ್ರ, “ಎಮ್ಮಿಗೇನ ನಮಾಜಿನ ವ್ಯಾಳ್ಯಾ ಗೊತ್ತೈತೇನ ಯಕ್ಕಾ? ಮೊದಲ ಹಿಂಡು, ಹೊತ್ತೈತಿ. ಒಂದು ತಪ್ಪಿತಂತ ಅಳಕೋತ ಕೂಡಬ್ಯಾಡ, ಮುಂದಿಂದ ಬಿಡಬ್ಯಾಡ” ಅಂತಾಳ.

ಒಂದು ಮೋಜು ಹೇಳ್ತೀನಿ. ನಮಾಜು ಮುಗದ ಮ್ಯಾಲೆ ಎರಡೂ ಕೈ ಒಡ್ಡಿ ಬೇಡಕೋಬೇಕು. ನನ್ನ ಎಡಗೈ ಒಂದ ಎದಿಮಟ ಏಳತೈತಿ, ಬಟ್ಟಲದಂಗ. ಕಣ್ಣೂ ಅಂಗೈಯಾಗ ನೆಡತಾವು. ದಾವಲಬಿ ನಕ್ಕು ನಕ್ಕು ಸಾಕಾದ್ಲು: “ಒಂದ ಕೈಲೆ ಎಷ್ಟ ಬೇಡ್ತೀ ಯಕ್ಕಾ? ಇನ್ನೊಂದನ್ನೂ ಚಾಚು!” ನಲವತ್ತು ವರ್ಷ ಲಿಂಗ ಹಿಡದ ಕೈ ಅಕ್ಕಾ, ಅದಕ್ಕ ಇನ್ನೂ ಸುದ್ದಿ ಮುಟ್ಟಿಲ್ಲ. ನಿನಗೂ ಹಂಗ ಆಗತೈತೇನು, ಮನಸ್ಸು ಒಲಿಮ್ಯಾಲಿನ ಹಾಲಿನ್ಯಾಗಿದ್ರೂ ಕೈ ತಾನ ಪೂಜಿ ಮಾಡೂದು? ಕೈ ಮೊದಲ ಕಲೀತೈತೋ, ಮನಸ್ಸೋ? ನನಗ ಇನ್ನೂ ತಿಳೀವಲ್ದು. ಬರದು ತಿಳಸು.

ಶಿವಾನಿ, ಆಕಿ ಹೊಟ್ಟ್ಯಾಗಿನ ಕೂಸು ತಂಪಾಗಿರ್ಲಿ. ಐದೂ ಹೊತ್ತು ಅದನ್ನ ಬೇಡ್ತೀನಿ.

ನಿನ್ನ ತಂಗಿ,
ಅನ್ನಪೂರ್ಣಾ

ತಾ.ಕ.: ಹೋದ ತಿಂಗಳು ಘಟಪ್ರಭಾ ಸ್ಟೇಷನ್ನಿನ್ಯಾಗ ನನ್ನ ಕಂಡು “ಆರಾಮ ಅದೀರೇನ್ರಿ?” ಅಂದಿ. ಬಾಜೂಕ ನಿನ್ನ ಬೀಗತಿ ಇದ್ರು, ಗೊತ್ತಾತು. ನಾನೂ “ಹೂನ್ರಿ” ಅಂದು ಗಾಡಿ ಹತ್ತಿದೆ. ಸಣ್ಣಾಕಿದ್ದಾಗ ಜಡಿ ಹಿಡದು ಹೊಡದಿ, ಬಾಯಿಗೆ ಬಂದಂಗ ಬೈದಿ. ಆದ್ರ ಐವತ್ತು ವರ್ಷದಾಗ ನನಗ ‘ರಿ’ ಹಚ್ಚಿರಲಿಲ್ಲ. ಕುಬಸಕ್ಕ ಬ್ಯಾಡಂದ್ರ ‘ಬರಬ್ಯಾಡ’ ಅಂತ ಬರಿ. ‘ಬರಬ್ಯಾಡ್ರಿ’ ಅಂತ ಮಾತ್ರ ಬರೀಬ್ಯಾಡ.