ನಡುಕೋಣೆಯ ಸಾಕೆಟ್ಟು

ಮಾರ್ಚ್ ೧೪, ಗುರುವಾರ. ಮಧ್ಯಾಹ್ನ ಮೂರು ಗಂಟೆ. ಅಪ್ಪ ಮಲಗಿದ್ದಾರೆ. ಅಮ್ಮ ಇನ್ನೂ ಆಸ್ಪತ್ರೆಯಲ್ಲಿದ್ದಾಳೆ.

ಪ್ರೀತಿಯ ಅಕ್ಕನಿಗೆ,

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದೆ. ಕೆಲಸವಿತ್ತು ಎಂದರೆ ಸುಳ್ಳಾಗುತ್ತದೆ. ಅಪ್ಪನಿಗೆ ಮರೆವು ಶುರುವಾಗಿದೆ, ಇನ್ನು ಅವರನ್ನು ವೈರಿನ ಹತ್ತಿರ ಬಿಡಬೇಡ ಎಂದು ನೀನು ಬರೆದದ್ದು ಸಿಟ್ಟು ತರಿಸಿತ್ತು. ವರ್ಷಕ್ಕೆರಡು ಸಲ ಬಂದುಹೋಗುವವಳಿಗೆ ಏನು ಗೊತ್ತು ಎಂದುಕೊಂಡಿದ್ದೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಮೊದಲು ಅಮ್ಮನ ಸುದ್ದಿ. ಸೋಮವಾರ ಮನೆಗೆ ಕಳಿಸುತ್ತಾರಂತೆ. ಜೊತೆಗೆ ಆಕ್ಸಿಜನ್ ಯಂತ್ರವೂ ಬರುತ್ತದೆ. ಅದು ಹಗಲೂ ರಾತ್ರಿ ಓಡುತ್ತಿರಬೇಕು. ಉದ್ದನೆಯ ವೈರು ಎಳೆದು ಓಡಿಸಬೇಡಿ, ಹಾಸಿಗೆಯ ಪಕ್ಕದ ಗೋಡೆಯಲ್ಲೇ ಸಾಕೆಟ್ಟು ಇರಲಿ ಎಂದು ನರ್ಸ್ ಎರಡೆರಡು ಸಲ ಹೇಳಿದರು. ಅಮ್ಮ ಮಲಗುವ ನಡುಕೋಣೆಯಲ್ಲಿ ಇರುವುದು ಬಾಗಿಲ ಪಕ್ಕದ ಸ್ವಿಚ್ ಬೋರ್ಡು ಒಂದೇ.

ಯಾರಾದರೂ ಎಲೆಕ್ಟ್ರಿಷಿಯನ್ನನ್ನು ಕರೆಸೋಣ ಎಂದೆ. ಅಪ್ಪ ಊಟದ ತಟ್ಟೆ ಸರಿಸಿದರು.

"ನಲವತ್ತು ವರ್ಷ ಊರವರ ಮನೆಗೆಲ್ಲ ಕರೆಂಟು ಕೊಟ್ಟಿದೀನಿ. ನನ್ನ ಹೆಂಡತಿ ಉಸಿರಾಡೋದಕ್ಕೆ ಬೇರೆಯವನು ಬಂದು ವೈರ್ ಎಳೀಬೇಕಾ?"

ನನಗೆ ಒಳಗೊಳಗೆ ಸಂತೋಷವೇ ಆಯಿತು.

ಎರಡು ದಿನ ಉಳಿ ಹಿಡಿದು, ಬೋರ್ಡಿನಿಂದ ಮಂಚದವರೆಗೆ ಪೈಪು ಕೂರುವಷ್ಟು ಗೋಡೆ ಕೊರೆದರು. ಒಂದು ಕಡೆಯೂ ಗಾರೆ ಜಾಸ್ತಿ ಉದುರಿಲ್ಲ. ಎದುರುಮನೆಯ ದರ್ಜಿ ಬಂದು ನೋಡಿ, ಕರೆಂಟ್ ಮಾಮ ನೂಲು ಹಿಡಿದು ಹೊಲಿದ ಹಾಗಿದೆ ಎಂದ. "ನಿನ್ನ ಹಾಗೆ ಬಿಚ್ಚಿ ಬಿಚ್ಚಿ ಹೊಲಿಯೋ ಕಸುಬಲ್ಲಪ್ಪ ಇದು" ಎಂದು ಅಪ್ಪ ಅವನ ಬಾಯಿ ಮುಚ್ಚಿಸಿದರು. ಆಗ ನೀನು ನೋಡಬೇಕಿತ್ತು.

ನಿನ್ನೆ ಬೆಳಿಗ್ಗೆ ವೈರು ಜೋಡಿಸುವುದೊಂದು ಬಾಕಿ ಇತ್ತು. ಅವರ ಕ್ರಮ ನಿನಗೂ ಗೊತ್ತು. ಫ್ಯೂಸ್ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುವುದು, ಆಮೇಲೆ ಇನ್ನೊಬ್ಬರ ಕಣ್ಣೆದುರು ಟೆಸ್ಟರ್ ಇಟ್ಟು ನೋಡುವುದು. ನಡುಕೋಣೆ ಆಮೇಲೆ ಕಟ್ಟಿಸಿದ್ದಲ್ಲವೇ? ಅದರ ಲೈನು ಎರಡನೇ ಫ್ಯೂಸಿನದು. ನಿನ್ನ ಮದುವೆಯ ವರ್ಷ ಅಪ್ಪನೇ ಎಳೆದದ್ದು. ನಿನ್ನೆ ಅವರು ಮೊದಲನೆಯದನ್ನು ಕಿತ್ತು ಜೇಬಿಗೆ ಹಾಕಿಕೊಂಡರು. ಹಜಾರದ ಫ್ಯಾನು ನಿಂತಿತು. "ಸತ್ತಿತು ಲೈನು" ಎಂದು ಬೋರ್ಡಿನ ತಿರುಪು ಬಿಚ್ಚಿದರು. ಟೆಸ್ಟರ್ ಚೀಲದಲ್ಲೇ ಉಳಿಯಿತು. ನಾನು ಟಾರ್ಚ್ ಹಿಡಿದು ನಿಂತಿದ್ದೆ. ಗಮನಿಸುವಷ್ಟರಲ್ಲಿ ಕಿಡಿ ಹಾರಿತು, ಅಪ್ಪ ಹಿಂದಕ್ಕೆ ಬಿದ್ದು ಮಂಚದ ಕಾಲಿಗೆ ಬಡಿದುಕೊಂಡರು.

ಗಾಬರಿಯಾಗಬೇಡ. ಎರಡು ಬೆರಳು ಸುಟ್ಟಿವೆ. ಡಾಕ್ಟರು ಎದೆಯನ್ನು ಎರಡು ಸಲ ಪರೀಕ್ಷಿಸಿ, ಅಪಾಯವಿಲ್ಲ ಎಂದರು. ಅಮ್ಮನಿಗೆ ತಿಳಿಸಿಲ್ಲ.

ಬೆರಳಿನ ಗಾಯಕ್ಕಿಂತ ಬೇರೆಯದೇ ನನ್ನನ್ನು ಹೆದರಿಸುತ್ತಿದೆ. ಈ ಬೆಳಿಗ್ಗೆ ಒಲೆ ಹಚ್ಚಲು ಹೋದವರು ಕೈ ಹಿಂದೆಗೆದು ನನ್ನನ್ನು ಕರೆದರು. ಬಚ್ಚಲಿನ ದೀಪ ಹಾಕಲೂ ಕರೆದರು. ಆಮೇಲೆ ಹತ್ತಿರ ಕೂರಿಸಿಕೊಂಡು, ಮಕ್ಕಳು ಮೇಷ್ಟರನ್ನು ಕೇಳುವ ದನಿಯಲ್ಲಿ ಕೇಳಿದರು.

"ನಾನು ಇನ್ನೂ ಏನೇನು ಮರ್ತಿದೀನಿ, ಮಗಳೇ? ನಿನಗೆ ಗೊತ್ತಿದ್ರೆ ಹೇಳಿಬಿಡು."

 ನಾಳೆ ಹತ್ತಕ್ಕೆ ಎಲೆಕ್ಟ್ರಿಷಿಯನ್ ಬರುತ್ತಾನೆ. ತಮ್ಮ ಉಪಕರಣಗಳ ಚೀಲವನ್ನು ಅವನಿಗೇ ಕೊಟ್ಟುಬಿಡು ಎಂದಿದ್ದಾರೆ ಅಪ್ಪ. ಅಮ್ಮ ಬಂದ ಮೇಲೆ ತಾವು ಆ ಕೋಣೆಯಲ್ಲಿ ಮಲಗುವುದಿಲ್ಲವಂತೆ. ಯಂತ್ರದ ಸ್ವಿಚ್ಚಿಗೆ ತಮ್ಮ ಕೈ ತಾಗಿದರೆ ಎಂಬ ಭಯ. ನೀನು ಬರೆದದ್ದೇ ನಿಜವಾಯಿತು.

ಭಾವನವರಿಗೆ ನನ್ನ ನಮಸ್ಕಾರ ಹೇಳು. ಚಿಕ್ಕಮ್ಮ ಕೇಳಿದಳೆಂದು ಮಕ್ಕಳ ತಲೆ ನೇವರಿಸು; ಅವರು ಯಾವಾಗಲೂ ಚೆನ್ನಾಗಿರಲಿ. ಸೋಮವಾರ ನೀನು ಬಂದರೆ ಒಳ್ಳೆಯದು.

ನಿನ್ನ ತಂಗಿ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. "ಗಮನಿಸುವಷ್ಟರಲ್ಲಿ" ಎಂದು ಮೇಲೆ ಬರೆದಿದ್ದೇನೆ. ಅದು ಸುಳ್ಳು. ಅವರು ತಪ್ಪು ಫ್ಯೂಸ್ ಕಿತ್ತಾಗಲೇ ನನಗೆ ತಿಳಿಯಿತು. ಕರೆಂಟಿದೆ ಎಂದು ತೋರಿಸುವ ಬೋರ್ಡಿನ ಕೆಂಪು ದೀಪ ಉರಿಯುತ್ತಲೇ ಇತ್ತು. "ಅಪ್ಪಾ" ಎಂದಿದ್ದರೆ ಸಾಕಿತ್ತು. ಈಗ ನೋಡುತ್ತಾರೆ, ಈಗ ಟೆಸ್ಟರ್ ತೆಗೆಯುತ್ತಾರೆ ಎಂದು ಕಾದೆ. ಅವರೇ ಕಂಡುಕೊಂಡಿದ್ದರೆ, ನೋಡು, ಅಪ್ಪನಿಗೆ ಏನೂ ಆಗಿಲ್ಲ ಎಂದು ನಿನಗೆ ಬರೆಯಬಹುದಿತ್ತು. ಆ ಸಾಲು ಮನಸ್ಸಿನಲ್ಲಿ ಸಿದ್ಧವಾಗಿತ್ತು ಅಕ್ಕ. ಅವರು ಕೈ ಚಾಚುವಾಗಲೂ ನಾನು ಅದನ್ನೇ ತಿದ್ದುತ್ತಿದ್ದೆ.

ಇದನ್ನು ಅಪ್ಪನಿಗೆ ಹೇಳಿದರೆ ಅವರ ಮರೆವೇನೂ ಹೋಗದು. ಆದರೂ ಪೂರ್ತಿ ತಪ್ಪನ್ನು ಒಬ್ಬರೇ ಹೊತ್ತುಕೊಂಡಿದ್ದಾರೆ. ನಾಳೆ, ಎಲೆಕ್ಟ್ರಿಷಿಯನ್ ಬರುವ ಮೊದಲು, ಹೇಳುವುದೆಂದು ನಿರ್ಧರಿಸಿದ್ದೇನೆ. ಅಪ್ಪ ಎದ್ದರೆಂದು ಕಾಣುತ್ತದೆ, ನನ್ನನ್ನು ಕರೆಯುತ್ತಿದ್ದಾರೆ. ಈಗಲ್ಲ. ನಾಳೆ ಬೆಳಿಗ್ಗೆ.