ಜಿ.ಕ್ಯು.ಟಿ. ಕುರಿತ ಭಾಷಣ

ರೈಲುಪ್ರಿಯರ ಸಂಘದ ಕಾರ್ಯದರ್ಶಿಗಳೂ ಆದ ಭಾವನವರಿಗೆ ನಮಸ್ಕಾರ.

ಹೋದ ವರ್ಷದ ಸಭೆಯಲ್ಲಿ, ನೀವೆಲ್ಲ ಮಾತಿಗೊಮ್ಮೆ ಬಳಸುತ್ತಿದ್ದ ರೈಲಿನ ಮೂರಕ್ಷರವೊಂದನ್ನು ಕೇಳಿ, "ಆರ್.ಎಸ್.ಎ. ಅಂದ್ರೇನು ಭಾವ?" ಎಂದಿದ್ದೆ. "ಅಷ್ಟೂ ಗೊತ್ತಿಲ್ದಿದ್ರೆ ಮನೇಲಿ ಕೂತ್ಕೋಬೇಕಮ್ಮ" ಎಂದಿರಿ. ಎಲ್ಲರೂ ನಕ್ಕರು. ಪಕ್ಕದಲ್ಲಿದ್ದ ಮಗಳು ತಲೆ ತಗ್ಗಿಸಿದಳು. ರೈಲಿನ ಹುಚ್ಚು ಇದ್ದದ್ದು ಅವಳಿಗೆ. ಅಂದಿನಿಂದ ಅವಳು ನಿಲ್ದಾಣದ ಕಡೆ ತಲೆ ಹಾಕಿಲ್ಲ.

ಆಮೇಲೆ ಸಂಘದ ವಾಟ್ಸಾಪ್ ಗುಂಪಿಗೆ ನಾನೊಂದು ಹಳೆಯ ಎಂಜಿನ್ನಿನ ಫೋಟೊ ಹಾಕಿ, 'ಜಿ.ಕ್ಯು.ಟಿ. ಸಿಕ್ಕಿತು' ಎಂದು ಬರೆದೆ. ಅದಕ್ಕೆ ಅರ್ಥವೇ ಇಲ್ಲ. ಕುಕ್ಕರ್ ಕೂಗುವುದರೊಳಗೆ ಕೈಗೆ ಸಿಕ್ಕ ಮೂರಕ್ಷರ. ಒಬ್ಬರೂ ಏನೆಂದು ಕೇಳಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಪದ್ಧತಿ ನಿಮ್ಮಲ್ಲಿಲ್ಲವಲ್ಲ. "ಬಲು ಅಪರೂಪ, ನಾನು ಎರಡು ನೋಡಿದ್ದೇನೆ" ಎಂದು ಮೊದಲು ಬರೆದವರು ನೀವೇ. ಈಗ ವಾರ್ಷಿಕ ಸಭೆಯಲ್ಲಿ ಅದರ ಬಗ್ಗೆಯೇ ನಿಮ್ಮ ಭಾಷಣವಂತೆ.

ದಯವಿಟ್ಟು ಮುಂದಿನ ಸಾಲಿನಲ್ಲಿ ನಮಗೆರಡು ಕುರ್ಚಿ ಇಡಿಸಿ. ಭಾಷಣ ರದ್ದು ಮಾಡಬೇಡಿ. ಮಾಡಿದರೆ ಕಾರಣವನ್ನು ನಾನು ಹೇಳಬೇಕಾಗುತ್ತದೆ. ಮುಗಿದ ಮೇಲೆ ಮಗಳು ಎದ್ದು ನಿಂತು ಕೇಳುತ್ತಾಳೆ: "ಜಿ.ಕ್ಯು.ಟಿ. ಅಂದ್ರೇನು ದೊಡ್ಡಪ್ಪ?"

ವೇದಿಕೆಯ ಮೇಲೆ ಲೋಟ ಇಟ್ಟಿರುತ್ತಾರೆ. ಉಪ್ಪು ತಿಂದವರು ನೀರು ಕುಡಿಯಲೇಬೇಕು.

ಮನೆಯಲ್ಲೇ ಕೂತು ಇದನ್ನು ಬರೆದ,
ನಿಮ್ಮ ತಮ್ಮನ ಹೆಂಡತಿ